ಏಳುತ್ತಿರುವ ಚುಕ್ಕಿಹಾಳೆ: ಹಳೆಯ ಕಾರಿಗನ್ ಮೂಲಚಿತ್ರವನ್ನು ದುರಸ್ತಿ ಮಾಡಿಸಬೇಕೇ, ಇದ್ದಂತೆಯೇ ಬಿಡಬೇಕೇ?

ಹಳೇಕಾಗದ (ಕೊಲಂಬಸ್, ಒಹಾಯೊ)

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಬೇಸಿಗೆ ರಜೆಗಳನ್ನೆಲ್ಲ ಇಂದ್ರಜಾಲ ಕಾಮಿಕ್ಸ್ ಓದುತ್ತಲೇ ಕಳೆದವನು ನಾನು. ಓರಗೆಯ ಹುಡುಗರು ಫ್ಯಾಂಟಮ್ ಸಂಚಿಕೆಗಾಗಿ ಕಿತ್ತಾಡುತ್ತಿದ್ದರೆ ನನಗೆ ಗುಪ್ತಚರ ಫಿಲ್ ಕಾರಿಗನ್ ಸಿಕ್ಕಿದರೆ ಸಾಕಿತ್ತು. ಈಗ ಒಹಾಯೊದಲ್ಲಿ ನೆಲೆಸಿ ಇಪ್ಪತ್ತು ವರ್ಷ ದಾಟಿದೆ. ಕಳೆದ ತಿಂಗಳು ಧೈರ್ಯ ಮಾಡಿ ಅದೇ ಕಾರಿಗನ್ ಸ್ಟ್ರಿಪ್ಪಿನ, ಅಂದರೆ ಪತ್ರಿಕೆಯಲ್ಲಿ ದಿನಕ್ಕೊಂದು ಸಾಲಿನಂತೆ ಬರುತ್ತಿದ್ದ ಚಿತ್ರಕಥೆಯ, ಒಂದು ದಿನದ ಮೂಲಚಿತ್ರವನ್ನು, ಆಲ್ ವಿಲಿಯಂಸನ್ ಬಿಡಿಸಿದ್ದನ್ನು, ಒಬ್ಬ ವ್ಯಾಪಾರಿಯಿಂದ ಕೊಂಡೆ. ಸುಮಾರು ಒಂದೂವರೆ ಅಡಿ ಉದ್ದದ ಬ್ರಿಸ್ಟಲ್ ಬೋರ್ಡು ಎಂಬ ದಪ್ಪ ಕಾಗದ, ಮೂರು ಚೌಕಗಳು, ಕಪ್ಪು ಶಾಯಿ.

ಮನೆಗೆ ತಂದು ಬಿಚ್ಚಿ ನೋಡಿದಾಗ ಸಂತೋಷದ ಜೊತೆ ಆತಂಕವೂ ಆಯಿತು. ಎರಡನೆಯ ಚೌಕದಲ್ಲಿ ಗೋಡೆಯ ನೆರಳಿಗಾಗಿ ಅಂಟಿಸಿದ್ದ ಚುಕ್ಕಿಗಳ ಪಾರದರ್ಶಕ ಹಾಳೆ, ಅಂದರೆ ಜಿಪ್-ಎ-ಟೋನ್, ಕಾವಲಿಯ ಮೇಲೆ ದೋಸೆಯ ಅಂಚು ಏಳುವಂತೆ ಒಂದು ಮೂಲೆಯಿಂದ ಎದ್ದು ನಿಂತಿದೆ. ಕೊನೆಯ ಚೌಕದ ಕೆಳಗೆ ಸಿಂಡಿಕೇಟಿನ (ಸ್ಟ್ರಿಪ್ಪುಗಳನ್ನು ಪತ್ರಿಕೆಗಳಿಗೆ ಮಾರುವ ಸಂಸ್ಥೆ) ಹಕ್ಕುಸ್ವಾಮ್ಯದ ಚೀಟಿ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ಉದ್ದನೆಯ ಕಲೆ ಮಾತ್ರ ಉಳಿದಿದೆ. ಮೂಲೆಯಲ್ಲಿ 6-11, ಅಂದರೆ ಅಮೆರಿಕದ ರೀತಿಯಲ್ಲಿ ಜೂನ್ 11, ಎಂದು ತಾರೀಖು ಇದೆ, ಆದರೆ ವರ್ಷವಿಲ್ಲ. ವ್ಯಾಪಾರಿ ‘1970ರ ಸುಮಾರು’ ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟರು.

ನನ್ನ ಪ್ರಶ್ನೆಗಳು ಇವು. ಎದ್ದ ಹಾಳೆಯನ್ನು ಮತ್ತೆ ಅಂಟಿಸಬಹುದೇ? ಕಲೆಯನ್ನು ತೆಗೆಸಿ ಹೊಸ ಚೀಟಿ ಹಚ್ಚಿಸುವುದು ತಪ್ಪೇ? ವರ್ಷವನ್ನು ಪತ್ತೆ ಮಾಡುವ ದಾರಿ ಯಾವುದು? ತಿಳಿದವರು ದಯವಿಟ್ಟು ಹೇಳಿ.

ಶಾಯಿಬಟ್ಟಲು (ಬೆಂಗಳೂರು)

ಮೊದಲು ಅಭಿನಂದನೆಗಳು ಸರ್. ಎರಡನೆಯದಾಗಿ, ಸೆಲ್ಲೋಟೇಪಿನ ಸುರುಳಿಯನ್ನು ಮನೆಯಲ್ಲಿ ಎಲ್ಲಿದ್ದರೂ ಹುಡುಕಿ ಬೇರೆ ಕೋಣೆಗೆ ಕಳುಹಿಸಿಬಿಡಿ. ಫೆವಿಕಾಲ್, ಅಂಟುಕಡ್ಡಿ, ಮಕ್ಕಳ ಗೋಂದು, ಯಾವುದೂ ಬೇಡ. ಎದ್ದಿರುವ ಹಾಳೆಯ ಮೇಲೆ ಆಮ್ಲರಹಿತ ತೆಳು ಕಾಗದ ಹಾಸಿ, ಚಿತ್ರವನ್ನು ಸಮತಟ್ಟಾಗಿ ಮಲಗಿಸಿಡಿ, ಆ ಮೂಲೆಯನ್ನು ಬೆರಳಿನಿಂದ ಒತ್ತಿ ನೋಡುವ ಆಸೆಯನ್ನು ತಡೆದುಕೊಳ್ಳಿ. ಆ ಹಾಳೆ ವರ್ಷಗಳಲ್ಲಿ ಸ್ವಲ್ಪ ಕುಗ್ಗಿರುತ್ತದೆ, ಆದ್ದರಿಂದ ಈಗ ಒತ್ತಿದರೂ ಮೊದಲಿನ ಗೆರೆಗೆ ಸರಿಯಾಗಿ ಕೂಡುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ ಹಿಂದಿನ ಅಂಟು ಶಾಯಿಯನ್ನು ಹಿಡಿದುಕೊಂಡಿದ್ದರೆ, ಎಳೆದಾಗ ಗೆರೆಯೂ ಕಿತ್ತು ಬರುತ್ತದೆ.

ಮೂರನೇಚೌಕ

ಮೇಡಂ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ವಿಲಿಯಂಸನ್ ಆ ಗೋಡೆಯ ಮೇಲೆ ಬೂದು ನೆರಳು ಬೇಕೆಂದು ಹಾಳೆಯನ್ನು ಕತ್ತರಿಸಿ ಅಂಟಿಸಿದರು. ನೆರಳು ಉದುರಿದರೆ ಚಿತ್ರವೇ ಅರ್ಧ. ಮನೆಯ ಹೆಂಚು ಹಾರಿದರೆ ಹೆಂಚು ಹೊದಿಸುತ್ತೇವೆಯೇ ಹೊರತು, ಹಾರಿದ್ದೂ ಇತಿಹಾಸವೆಂದು ಮಳೆಯಲ್ಲಿ ಕೂರುವುದಿಲ್ಲ. ಹಳೆಯ ಚುಕ್ಕಿಹಾಳೆಗಳ ದಾಸ್ತಾನು ಅಮೆರಿಕದಲ್ಲಿ ಈಗಲೂ ಕೆಲವರ ಬಳಿ ಸಿಗುತ್ತದೆ. ಅದೇ ಸಾಂದ್ರತೆಯ ಚುಕ್ಕಿ ಹುಡುಕಿ ಹಚ್ಚಿಸಿ, ಗೋಡೆಗೆ ತೂಗುಹಾಕಿ, ನೋಡಿ ಸುಖಪಡಿ.

ಶಾಯಿಬಟ್ಟಲು

ಹೊಸದಾಗಿ ಹಚ್ಚಿದ ಹಾಳೆ ವಿಲಿಯಂಸನ್ ಹಚ್ಚಿದ್ದಲ್ಲ, ನೀವು ಹಚ್ಚಿದ್ದು. ನಾಳೆ ಅದನ್ನು ಮಾರುವಾಗ ‘ಎರಡನೆಯ ಚೌಕದ ನೆರಳು ಮಾತ್ರ ನಮ್ಮದು’ ಎಂದು ಬರೆದು ಕೊಡುತ್ತೀರಾ? ಬರೆದು ಕೊಡುವವರನ್ನು ನಾನು ಇನ್ನೂ ಕಂಡಿಲ್ಲ.

ಪ್ರೋಸೆಸ್‌ಕ್ಯಾಮೆರಾ (ಹುಬ್ಬಳ್ಳಿ)

ಇಬ್ಬರೂ ಜಗಳ ಮುಂದುವರಿಸುವ ಮೊದಲು ಈ ಕಾಗದ ಯಾವ ಕೆಲಸಕ್ಕಾಗಿ ಹುಟ್ಟಿತು ಎಂಬುದನ್ನು ಒಬ್ಬ ಹಳೆಯ ಮುದ್ರಣದ ಮನುಷ್ಯ ಹೇಳಲು ಅವಕಾಶ ಕೊಡಿ. ನಾನು ಮೂವತ್ತು ವರ್ಷ ಮುದ್ರಣಾಲಯಗಳಲ್ಲಿ ಪ್ರೋಸೆಸ್ ಕ್ಯಾಮೆರಾ, ಅಂದರೆ ಅಚ್ಚಿಗೆ ಹೋಗುವ ಚಿತ್ರದ ಫೋಟೋ ತೆಗೆಯುವ ದೊಡ್ಡ ಕ್ಯಾಮೆರಾ, ನಡೆಸಿದವನು.

ಕಲಾವಿದರು ಅಚ್ಚಾಗುವ ಅಳತೆಗಿಂತ ದೊಡ್ಡದಾಗಿ, ಎಷ್ಟೋ ವೇಳೆ ಎರಡರಷ್ಟು ದೊಡ್ಡದಾಗಿ ಬಿಡಿಸುತ್ತಿದ್ದರು. ಕ್ಯಾಮೆರಾದಲ್ಲಿ ಕುಗ್ಗಿಸಿದಾಗ ಕೈ ನಡುಗಿದ ಗೆರೆಯೂ ನೆಟ್ಟಗಾಗುತ್ತದೆ. ಆ ಕ್ಯಾಮೆರಾದ ಫಿಲ್ಮಿಗೆ ಕಾಣುತ್ತಿದ್ದದ್ದು ಕಪ್ಪು ಮತ್ತು ಬಿಳಿ ಎರಡೇ. ತೆಳು ನೀಲಿ ಅದಕ್ಕೆ ಬಿಳಿಯಂತೆಯೇ ಕಾಣುತ್ತಿದ್ದುದರಿಂದ ಕಲಾವಿದರು ನೀಲಿ ಪೆನ್ಸಿಲಿನಲ್ಲಿ ಧಾರಾಳವಾಗಿ ಗೀಚಿಕೊಳ್ಳುತ್ತಿದ್ದರು, ತಪ್ಪಾದಲ್ಲಿ ಬಿಳಿ ಬಣ್ಣ ಬಳಿಯುತ್ತಿದ್ದರು, ಅದೂ ಸಾಲದಿದ್ದರೆ ಬೇರೆ ಕಾಗದದ ತುಂಡಿನ ಮೇಲೆ ಬಿಡಿಸಿ ಮೇಲೆ ಅಂಟಿಸುತ್ತಿದ್ದರು. ಹಾಳೆಯ ಅಂಚು, ಅಂಟಿನ ಕಲೆ, ಪಟ್ಟಿಯ ನೆರಳು, ಇವನ್ನೆಲ್ಲ ನೆಗೆಟಿವಿನ ಮೇಲೆ ಕುಂಚದಿಂದ ಮುಚ್ಚುವುದು ನಮ್ಮಂಥವರ ಕೆಲಸವಾಗಿತ್ತು.

ಇನ್ನೊಂದು ಮಾತು. ಅಮೆರಿಕದ ಪತ್ರಿಕೆಗಳಿಗೂ ಈ ಮೂಲಚಿತ್ರ ಹೋಗುತ್ತಿರಲಿಲ್ಲ. ಸಿಂಡಿಕೇಟಿನವರು ನ್ಯೂಯಾರ್ಕಿನಲ್ಲಿ ಒಮ್ಮೆ ಫೋಟೋ ತೆಗೆದು, ನುಣುಪು ಕಾಗದದ ಪ್ರೂಫನ್ನೋ ಕಾಗದದ ತಿರುಳಿನಿಂದ ಒತ್ತಿದ ಅಚ್ಚನ್ನೋ ಅಂಚೆಯಲ್ಲಿ ಎಲ್ಲ ಪತ್ರಿಕೆಗಳಿಗೂ ಕಳುಹಿಸುತ್ತಿದ್ದರು. ಆ ಅಚ್ಚಿಗೆ ಸೀಸ ಎರಕ ಹೊಯ್ದು ಪತ್ರಿಕೆಯವರು ಮುದ್ರಿಸಿಕೊಳ್ಳುತ್ತಿದ್ದರು. ಫೋಟೋ ತೆಗೆದ ಮರುಗಳಿಗೆಯಿಂದ ಮೂಲಚಿತ್ರ ಯಾರಿಗೂ ಬೇಡದ ವಸ್ತು. ಆದ್ದರಿಂದಲೇ ಪತ್ರ ಬರೆದ ಓದುಗರಿಗೆ ಉಚಿತವಾಗಿ ಕೊಟ್ಟರು, ಮಿಕ್ಕಿದ್ದನ್ನು ಕಸಕ್ಕೂ ಹಾಕಿದರು. ನಿಮ್ಮ ಕೈಗೆ ಒಂದು ಬಂದಿರುವುದೇ ಪುಣ್ಯ.

ಮೂರನೇಚೌಕ

ಹಿರಿಯರೇ, ನೀವು ನನ್ನ ಪಕ್ಷಕ್ಕೇ ಸಾಕ್ಷಿ ಹೇಳಿದಿರಿ. ಅದು ಮುದ್ರಣಕ್ಕಾಗಿ ಮಾಡಿದ ಕೆಲಸದ ಕಾಗದ ಎಂದ ಮೇಲೆ ಅದನ್ನು ದೇವರ ಪಟದಂತೆ ಮುಟ್ಟಬಾರದು ಎನ್ನುವುದು ಏಕೆ?

ಪ್ರೋಸೆಸ್‌ಕ್ಯಾಮೆರಾ

ನಿಮ್ಮ ಪಕ್ಷವೂ ಅಲ್ಲ, ಅವರ ಪಕ್ಷವೂ ಅಲ್ಲ. ಕೆಲಸ 1970ರ ದಶಕದಲ್ಲೇ ಮುಗಿಯಿತು. ಆ ನೆರಳು ಹೇಗಿತ್ತು ಎಂಬುದು ಸಾವಿರಾರು ಪತ್ರಿಕೆಯ ಪ್ರತಿಗಳಲ್ಲಿ ಅಚ್ಚಾಗಿಯೇ ಇದೆ. ಅಚ್ಚಿನಲ್ಲಿ ಇಲ್ಲದ್ದು ಏನಿದೆಯೋ ಅದು ಮಾತ್ರ ಈ ಒಂದು ಹಾಳೆಯಲ್ಲಿದೆ: ನೀಲಿ ಗೀಚು, ಬಿಳಿ ಬಳಿದದ್ದು, ಬ್ಲೇಡು ತಾಗಿದ ಗುರುತು. ಅದನ್ನು ಅಳಿಸಿ ಅಚ್ಚಿನಂತೆ ಮಾಡುವುದಾದರೆ ಹತ್ತು ಡಾಲರಿಗೆ ಒಂದು ಮುದ್ರಿತ ಪ್ರತಿಯನ್ನೇ ಕೊಂಡು ಫ್ರೇಮು ಹಾಕಿಸಬಹುದಿತ್ತಲ್ಲ.

ಭಾನುವಾರದಪುಟ (ನ್ಯೂಜೆರ್ಸಿ)

ಕಾರಿಗನ್ ಎಂದ ಕೂಡಲೇ ಕಿವಿ ನಿಮಿರಿತು. ಕಿರಿಯರಿಗಾಗಿ ಹಿನ್ನೆಲೆ ಹೇಳುತ್ತೇನೆ. ಈ ಸ್ಟ್ರಿಪ್ಪು ‘ಸೀಕ್ರೆಟ್ ಏಜೆಂಟ್ ಎಕ್ಸ್-9’ ಎಂಬ ಹೆಸರಿನಲ್ಲಿ 1934ರ ಜನವರಿ 22ರಂದು ಶುರುವಾಯಿತು. ಬರೆದವರು ಪತ್ತೇದಾರಿ ಕಾದಂಬರಿಗಳ ಡ್ಯಾಶಿಯಲ್ ಹ್ಯಾಮೆಟ್, ಬಿಡಿಸಿದವರು ಅಲೆಕ್ಸ್ ರೇಮಂಡ್. ಅದೇ ರೇಮಂಡ್ ಅದೇ ತಿಂಗಳ 7ರಂದು ‘ಫ್ಲಾಶ್ ಗಾರ್ಡನ್’ ಭಾನುವಾರದ ಪುಟವನ್ನೂ ಆರಂಭಿಸಿದ್ದರು. 1967ರಲ್ಲಿ ಆರ್ಚಿ ಗುಡ್‌ವಿನ್ ಬರವಣಿಗೆಗೂ ವಿಲಿಯಂಸನ್ ಚಿತ್ರಕ್ಕೂ ಬಂದ ಮೇಲೆ ಹೆಸರು ‘ಸೀಕ್ರೆಟ್ ಏಜೆಂಟ್ ಕಾರಿಗನ್’ ಎಂದಾಯಿತು, 1980ರವರೆಗೆ ಅವರದ್ದೇ ಜೋಡಿ. ಆಮೇಲೆ ಇದೇ ಜೋಡಿ ‘ಸ್ಟಾರ್ ವಾರ್ಸ್’ನ ಪತ್ರಿಕಾ ಸ್ಟ್ರಿಪ್ಪನ್ನೂ ಮಾಡಿತು.

ವಿಲಿಯಂಸನ್ ಬಗ್ಗೆ ನನಗೆ ಇಷ್ಟವಾದ ಸಂಗತಿಯೆಂದರೆ, ಅವರು ಹುಟ್ಟಿದ್ದು ನ್ಯೂಯಾರ್ಕಿನಲ್ಲಾದರೂ ಬೆಳೆದದ್ದು ಕೊಲಂಬಿಯಾ ದೇಶದ ಬೊಗೊಟಾದಲ್ಲಿ. ಅಲ್ಲಿ ಹುಡುಗನಾಗಿದ್ದಾಗಲೇ ಅವರಿಗೆ ರೇಮಂಡರ ಫ್ಲಾಶ್ ಗಾರ್ಡನ್ ಹುಚ್ಚು ಹಿಡಿಯಿತು. ಅಮೆರಿಕದಿಂದ ದೂರದ ಊರಿನಲ್ಲಿ ಕುಳಿತು ಅಮೆರಿಕದ ಸ್ಟ್ರಿಪ್ಪಿಗೆ ಮನಸೋತ ಹುಡುಗ! ಶಿವಮೊಗ್ಗದ ನಮ್ಮ ಹಳೇಕಾಗದ ಅವರಿಗೂ ವಿಲಿಯಂಸನ್ನರಿಗೂ ಏನೋ ಋಣಾನುಬಂಧ ಇದ್ದಿರಬೇಕು.

ದುರಸ್ತಿಯ ವಿಷಯದಲ್ಲಿ ನಾನು ಶಾಯಿಬಟ್ಟಲು ಅವರ ಕಡೆ.

ಕ್ಯಾಲೆಂಡರ್‌ಮೇಷ್ಟ್ರು (ಮೈಸೂರು)

ಕಾಮಿಕ್ಸ್ ನನಗೆ ಅಷ್ಟಾಗಿ ತಿಳಿಯದು, ಆದರೆ ತಾರೀಖು ಸಿಕ್ಕಿದರೆ ಸುಮ್ಮನಿರಲಾಗುವುದಿಲ್ಲ. ಭಾನುವಾರದಪುಟ ಅವರು 1967ರಿಂದ 1980 ಎಂದರು. ಈ ಸ್ಟ್ರಿಪ್ಪು ಸೋಮವಾರದಿಂದ ಶನಿವಾರದವರೆಗೆ ಮಾತ್ರ ಬರುತ್ತಿತ್ತು ಎಂದಾದರೆ ಜೂನ್ 11 ಭಾನುವಾರ ಬಿದ್ದ ವರ್ಷಗಳನ್ನು ಕೈಬಿಡಬಹುದು. 1967, 1972, 1978, ಈ ಮೂರೂ ಹೋದವು. ಹಳೇಕಾಗದ ಅವರೇ, ಬೋರ್ಡಿನ ಹಿಂಬದಿಯಲ್ಲಿ ಅಥವಾ ಅಂಚಿನಲ್ಲಿ ವಾರದ ಹೆಸರೇನಾದರೂ ಬರೆದಿದೆಯೇ ನೋಡಿ.

ಹಳೇಕಾಗದ

ಮೇಷ್ಟ್ರೇ, ಹಿಂಬದಿಯನ್ನು ನಾನು ನೋಡಿಯೇ ಇರಲಿಲ್ಲ, ನಾಚಿಕೆಯಾಗುತ್ತಿದೆ. ಮೇಲಿನ ಬಲಮೂಲೆಯಲ್ಲಿ ಪೆನ್ಸಿಲಿನಲ್ಲಿ ತೆಳುವಾಗಿ ಎಫ್, ಆರ್, ಐ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿವೆ. ಅಂದರೆ ಶುಕ್ರವಾರ. ಅದರ ಕೆಳಗೆ ನೀಲಿ ಮೊಹರಿನ ಅರ್ಧ ಭಾಗವೂ ಇದೆ, ಆದರೆ ಓದಲಾಗದು.

ಕ್ಯಾಲೆಂಡರ್‌ಮೇಷ್ಟ್ರು

ಹಾಗಾದರೆ ಕೆಲಸ ಹಗುರವಾಯಿತು. ಆ ಅವಧಿಯಲ್ಲಿ ಜೂನ್ 11 ಶುಕ್ರವಾರ ಬಂದದ್ದು ಎರಡೇ ಬಾರಿ, 1971 ಮತ್ತು 1976. ಎರಡರಲ್ಲಿ ಯಾವುದೆಂದು ಹೇಳಲು ಪಂಚಾಂಗ ಸಾಲದು, ಪತ್ರಿಕೆಯನ್ನೇ ನೋಡಬೇಕು.

ಶಾಯಿಬಟ್ಟಲು

ಮೇಷ್ಟ್ರಿಗೆ ಒಂದು ದೊಡ್ಡ ನಮಸ್ಕಾರ. ಹಳೇಕಾಗದ ಅವರೇ, ನೀವು ಇರುವ ಊರಿನಲ್ಲಿಯೇ, ಒಹಾಯೊ ರಾಜ್ಯ ವಿಶ್ವವಿದ್ಯಾಲಯದಲ್ಲಿ, ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ ಇದೆ. ‘ಟೆರಿ ಅಂಡ್ ದಿ ಪೈರೇಟ್ಸ್’ ಬಿಡಿಸಿದ ಮಿಲ್ಟನ್ ಕ್ಯಾನಿಫ್ ತಮ್ಮ ಚಿತ್ರಗಳನ್ನೂ ಕಾಗದಪತ್ರಗಳನ್ನೂ ತಾವು ಓದಿದ ಆ ವಿಶ್ವವಿದ್ಯಾಲಯಕ್ಕೆ ಕೊಟ್ಟದ್ದರಿಂದ 1977ರಲ್ಲಿ ಹುಟ್ಟಿದ ಸಂಸ್ಥೆ ಅದು. ಗ್ರಂಥಾಲಯಗಳು ಮೈಕ್ರೋಫಿಲ್ಮ್ ಮಾಡಿ ಎಸೆಯುತ್ತಿದ್ದ ಪತ್ರಿಕೆಗಳನ್ನು ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬ ಮಹಾನುಭಾವರು ಸ್ಯಾನ್‌ಫ್ರಾನ್ಸಿಸ್ಕೊದ ತಮ್ಮ ಮನೆ ತುಂಬ ಕೂಡಿಟ್ಟಿದ್ದರಲ್ಲ, ಸುಮಾರು 75 ಟನ್ ತೂಕದ ಆ ಸಂಗ್ರಹವೂ 1990ರ ದಶಕದ ಕೊನೆಯಲ್ಲಿ ಅಲ್ಲಿಗೇ ಬಂತು. ಗಂಗೆಯ ದಡದಲ್ಲಿ ಕುಳಿತು ಬಾವಿ ತೋಡುವುದೇಕೆ? ಮುಂಚಿತವಾಗಿ ಕೋರಿಕೆ ಸಲ್ಲಿಸಿ ಓದುವ ಕೋಣೆಗೆ ಹೋಗಿ.

ಕಡಲತಡಿ (ಮಂಗಳೂರು)

ಮಾರಾಯರೇ, ಕೊಲಂಬಸ್ಸಿನಲ್ಲಿ ಇರುವವರಿಗೆ ಹಾಳೆಯ ಒಂದು ಮೂಲೆ ಎದ್ದದ್ದೇ ಚಿಂತೆ. ನನ್ನ ಬಳಿ ಮೂರು ಮೂಲಚಿತ್ರಗಳಿವೆ, ಎಲ್ಲವೂ ಅದೇ ಕ್ಯಾನಿಫ್ ಬಿಡಿಸಿದ ‘ಸ್ಟೀವ್ ಕ್ಯಾನಿಯನ್’ ಸ್ಟ್ರಿಪ್ಪಿನವು, ಎಲ್ಲವೂ ಕೆಲವು ನೂರು ಡಾಲರಿನೊಳಗೆ ಸಿಕ್ಕಿದ್ದು. ನಮ್ಮ ಊರಿನ ಜೂನ್ ತಿಂಗಳ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಮೊದಲ ಮಳೆಗಾಲದಲ್ಲಿ ಒಂದರ ಗಾಜಿಗೆ ಚಿತ್ರವೇ ಅಂಟಿಕೊಂಡಿತು, ಏಕೆಂದರೆ ಫ್ರೇಮಿನ ಅಂಗಡಿಯವನು ನಡುವೆ ಮೌಂಟ್, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿನ ಚೌಕಟ್ಟು, ಇಡದೆ ಗಾಜನ್ನು ನೇರವಾಗಿ ಶಾಯಿಯ ಮೇಲೆ ಕೂರಿಸಿದ್ದ. ಕ್ಯಾನಿಫ್ ಅವರ ಕಪ್ಪು ದಟ್ಟ, ಒಂದು ಕೋಟಿನ ತೋಳಿನಷ್ಟು ಶಾಯಿ ಗಾಜಿನ ಮೇಲೆ ಉಳಿಯಿತು.

ಅಂದಿನಿಂದ ಕಲಿತದ್ದು ಇಷ್ಟು. ಗಾಜಿಗೂ ಕಾಗದಕ್ಕೂ ನಡುವೆ ಆಮ್ಲರಹಿತ ಮೌಂಟಿನ ದಪ್ಪದಷ್ಟು ಅಂತರ ಇರಲೇಬೇಕು. ಹಿಂಬದಿಗೆ ಪ್ಲೈವುಡ್ ಬೇಡ, ಅದರ ಆಮ್ಲ ಕಾಗದಕ್ಕೆ ಇಳಿದು ಕಂದಾಗುತ್ತದೆ. ನೇರ ಬಿಸಿಲು ಬೀಳುವ ಗೋಡೆಯನ್ನೂ ಹೊರಗೋಡೆಯನ್ನೂ ಬಿಟ್ಟು ಒಳಗೋಡೆ ಆರಿಸಿಕೊಳ್ಳಿ. ಅಮ್ಮನ ಸೀರೆ ಪೆಟ್ಟಿಗೆಯ ಅಭ್ಯಾಸದಿಂದ ನುಸಿಗುಳಿಗೆ ಇಡಲು ಹೋಗಬೇಡಿ, ಅದರ ಆವಿ ಪ್ಲಾಸ್ಟಿಕ್ ಹಾಳೆಗೂ ಅಂಟಿಗೂ ಒಳ್ಳೆಯದಲ್ಲ. ಈಗ ಮಳೆಗಾಲ ಬಂದರೆ ನನ್ನ ಮೂರೂ ಚಿತ್ರಗಳು ಸಿಲಿಕಾ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬದಲ್ಲಿ ಮಲಗುತ್ತವೆ, ನಾಲ್ಕು ತಿಂಗಳು ಗೋಡೆ ಬೋಳು.

ಮೂರನೇಚೌಕ

ನಾಲ್ಕು ತಿಂಗಳು ಡಬ್ಬದಲ್ಲಿಡಲು ಅಷ್ಟು ಹಣ ಕೊಟ್ಟು ತರಬೇಕೇ? ಅಂದ ಹಾಗೆ, ಇವೆಲ್ಲ ಬೆಲೆ ಏರುವ ವಸ್ತುಗಳೇ? 2021ರಲ್ಲಿ ಟಿನ್‌ಟಿನ್ ಚಿತ್ರವೊಂದು ಪ್ಯಾರಿಸ್ಸಿನ ಹರಾಜಿನಲ್ಲಿ 30 ಲಕ್ಷ ಯೂರೋ ದಾಟಿತಲ್ಲ.

ಭಾನುವಾರದಪುಟ

ಅದನ್ನು ಇದಕ್ಕೆ ಹೋಲಿಸಬೇಡಿ. ಆ ಚಿತ್ರ ಟಿನ್‌ಟಿನ್‌ನ ಕರ್ತೃ ಎರ್ಜೆ ‘ನೀಲಿ ಕಮಲ’ ಸಂಪುಟದ ಮುಖಪುಟಕ್ಕೆಂದು ಬಣ್ಣದಲ್ಲಿ ಬಿಡಿಸಿ, ಪ್ರಕಾಶಕರು ಬೇಡವೆಂದದ್ದು. ಒಂದೇ ಒಂದು ಇರುವ ವಸ್ತು. ಪತ್ರಿಕೆಯ ದಿನದ ಸ್ಟ್ರಿಪ್ಪಾದರೋ ವರ್ಷಕ್ಕೆ 300ಕ್ಕಿಂತ ಹೆಚ್ಚು. ಸ್ಟೀವ್ ಕ್ಯಾನಿಯನ್ 1947ರಿಂದ 1988ರವರೆಗೆ ನಡೆಯಿತು, ಲೆಕ್ಕ ನೀವೇ ಹಾಕಿ. ಸಿಗುವುದು ಹೆಚ್ಚಾದಲ್ಲಿ ಬೆಲೆ ಕೈಗೆಟುಕುತ್ತದೆ.

ದುಬಾರಿಯಾದದ್ದು ಬೇರೆ: ರೇಮಂಡರ 1930ರ ದಶಕದ ಫ್ಲಾಶ್ ಗಾರ್ಡನ್ ಪುಟಗಳು, ಹ್ಯಾಲ್ ಫಾಸ್ಟರ್ ಅವರ ಮೊದಲ ವರ್ಷಗಳ ‘ಪ್ರಿನ್ಸ್ ವೇಲಿಯಂಟ್’ ಪುಟಗಳು, ಕ್ಯಾನಿಫ್ ಅವರ ಯುದ್ಧಕಾಲದ ಟೆರಿ. ಫಾಸ್ಟರ್ ಪುಟವೊಂದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಎರಡು ಕೈ ಚಾಚಿ ಹಿಡಿಯಬೇಕಾದಷ್ಟು ದೊಡ್ಡದು, ಪಾತ್ರಗಳ ಬಾಯಿಂದ ಗುಳ್ಳೆಗಳಿಲ್ಲ, ಕಥೆಯೆಲ್ಲ ಚಿತ್ರದ ಜೊತೆಗಿನ ಗದ್ಯದಲ್ಲಿ. ಬಣ್ಣ ಮಾತ್ರ ಇಲ್ಲ, ಏಕೆಂದರೆ ಭಾನುವಾರದ ಪುಟಕ್ಕೂ ಮೂಲಚಿತ್ರ ಕಪ್ಪು ಬಿಳುಪೇ. ಬಣ್ಣ ಎಲ್ಲಿ ಯಾವುದು ಎಂಬುದನ್ನು ಬೇರೆ ಪ್ರತಿಯ ಮೇಲೆ ಬಳಿದು ಅಚ್ಚಿನವರಿಗೆ ಕೊಡುತ್ತಿದ್ದರು. ಬಣ್ಣ ಬಳಿದ ‘ಮೂಲ’ವನ್ನು ಯಾರಾದರೂ ತೋರಿಸಿದರೆ, ಬಳಿದವರು ಯಾರು, ಯಾವಾಗ ಎಂದು ಕೇಳಿ.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಶೇ 20 ಅಥವಾ ಅದಕ್ಕೂ ಹೆಚ್ಚಿನ ಕಮಿಷನ್ ಕೊಡಬೇಕೆಂಬುದನ್ನು ಮೊದಲ ಸಲ ನಾನು ಓದಿಯೇ ಇರಲಿಲ್ಲ. ಕೈ ಸುಟ್ಟುಕೊಂಡ ಮೇಲೆ ನಿಯಮಗಳ ಪುಟ ಕಂಠಪಾಠವಾಯಿತು.

ಕಡಲತಡಿ

ಫ್ರೇಮಿನ ವಿಷಯವನ್ನೂ ಸೇರಿಸಿ. ಅತಿನೇರಳೆ ಕಿರಣ ತಡೆಯುವ ಗಾಜು, ಮೌಂಟ್ ಎಲ್ಲ ಸೇರಿ ನನ್ನ ಮೂರನೆಯ ಕ್ಯಾನಿಯನ್‌ಗೆ ಆದ ಖರ್ಚು ಚಿತ್ರದ ಬೆಲೆಯನ್ನೇ ಮೀರಿತು. ಮೂಗಿಗಿಂತ ಮೂಗುತಿ ಭಾರ.

ಹಳೇಕಾಗದ

ಚರ್ಚೆ ಎಷ್ಟು ಉಪಯೋಗವಾಗುತ್ತಿದೆ ಎಂದರೆ ಹೇಳಲಾರೆ. ನಿನ್ನೆ ರಾತ್ರಿ ಹೊಸ ಸಂಗತಿಯೊಂದು ಕಣ್ಣಿಗೆ ಬಿತ್ತು. ಪ್ರೋಸೆಸ್‌ಕ್ಯಾಮೆರಾ ಅವರು ತುಂಡು ಅಂಟಿಸುವ ಮಾತು ಹೇಳಿದ್ದರಲ್ಲ, ಅದನ್ನು ಓದಿ ಮೇಜಿನ ದೀಪವನ್ನು ಬೋರ್ಡಿನ ಮಟ್ಟಕ್ಕೆ ಇಳಿಸಿ ಅಡ್ಡಬೆಳಕಿನಲ್ಲಿ ನೋಡಿದೆ. ಮೂರನೆಯ ಚೌಕದಲ್ಲಿ ಬಾಗಿಲ ಬಳಿ ನಿಂತ ಕಾರಿಗನ್ನನ ತಲೆ, ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಬೇರೆ ಕಾಗದದ ತುಂಡು! ಅದರ ಅಂಚನ್ನು ಕೂದಲಿನ ಕಪ್ಪಿನಲ್ಲೂ ಕಾಲರಿನ ಗೆರೆಯಲ್ಲೂ ಎಷ್ಟು ಜಾಣತನದಿಂದ ಸೇರಿಸಿದ್ದಾರೆಂದರೆ ನೇರ ಬೆಳಕಿನಲ್ಲಿ ಗೊತ್ತೇ ಆಗುವುದಿಲ್ಲ. ಬೋರ್ಡನ್ನು ಎತ್ತಿ ಹಿಂದಿನಿಂದ ಬಲವಾದ ಬೆಳಕು ಬಿಟ್ಟಾಗ ತುಂಡಿನ ಅಡಿಯಲ್ಲಿ ಇನ್ನೊಂದು ಮುಖ ಮಸುಕಾಗಿ ಕಾಣುತ್ತದೆ. ಮೇಲಿನ ಮುಖ ಬಾಗಿಲ ಕಡೆ ತಿರುಗಿದೆ, ಅಡಿಯದ್ದು ನಮ್ಮ ಕಡೆ ನೋಡುತ್ತಿದೆ ಎನಿಸುತ್ತದೆ.

ಈಗ ನಿದ್ದೆ ಬರುತ್ತಿಲ್ಲ. ತುಂಡಿನ ಒಂದು ಅಂಚು ಸಡಿಲವಾಗಿದೆ. ಮೆಲ್ಲಗೆ ಎತ್ತಿ ನೋಡಿದರೆ?

ಶಾಯಿಬಟ್ಟಲು

ಎತ್ತಬೇಡಿ. ದಯವಿಟ್ಟು ಎತ್ತಬೇಡಿ.

ಮೂರನೇಚೌಕ

ನಾನಾದರೆ ಈಗಾಗಲೇ ಎತ್ತಿರುತ್ತಿದ್ದೆ. ಅಡಿಯಲ್ಲಿರುವುದೂ ವಿಲಿಯಂಸನ್ ಬಿಡಿಸಿದ್ದೇ ತಾನೆ? ಹೊಸ ಹಾಳೆ ಹಚ್ಚಿದರೆ ಅದು ವಿಲಿಯಂಸನ್ ಕೈಕೆಲಸವಲ್ಲ ಎಂದಿರಿ, ಒಪ್ಪಿದೆ. ಇದು ಅವರದ್ದೇ ಕೈಕೆಲಸ, ಐವತ್ತು ವರ್ಷ ಯಾರೂ ನೋಡದ್ದು. ಅದನ್ನು ನೋಡುವುದೂ ತಪ್ಪೇ?

ಭಾನುವಾರದಪುಟ

ಈ ಸಲ ಮೂರನೇಚೌಕ ಅವರ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ. ಆದರೆ ಅಡಿಯದ್ದು ವಿಲಿಯಂಸನ್ನರದ್ದೇ ಎಂದು ಅಷ್ಟು ಖಚಿತವಾಗಿ ಹೇಳಬೇಡಿ. ವಾರಕ್ಕೆ ಆರು ಸ್ಟ್ರಿಪ್ಪು ಕೊಡಬೇಕಾದ ಕಡೆ ಸಹಾಯಕರ ಕೈ ಎಲ್ಲರ ಚಿತ್ರದಲ್ಲೂ ಇರುತ್ತಿತ್ತು. ಸ್ಟೀವ್ ಕ್ಯಾನಿಯನ್‌ನಲ್ಲಿ 1950ರ ದಶಕದಿಂದ ಡಿಕ್ ರಾಕ್‌ವೆಲ್ ಪೆನ್ಸಿಲ್ ಕೆಲಸ ಮಾಡುತ್ತಿದ್ದರು. ಸೈ ಬ್ಯಾರಿ ಹೆಸರಿನಲ್ಲಿ 1960ರ ದಶಕದಿಂದ 1994ರವರೆಗೆ ಬಂದ ಫ್ಯಾಂಟಮ್‌ನಲ್ಲಿಯೂ ಜಾರ್ಜ್ ಓಲೆಸನ್ ಮೊದಲಾದವರ ಪೆನ್ಸಿಲ್ ಇದೆ. ‘ಇದು ಯಾರ ಕೈ’ ಎಂದು ಕೇಳುತ್ತ ಹೋದರೆ ಸಹಿ ಒಬ್ಬರದ್ದು, ಅಕ್ಷರ ಇನ್ನೊಬ್ಬರದ್ದು, ಹಿನ್ನೆಲೆಯ ಕಟ್ಟಡ ಮತ್ತೊಬ್ಬರದ್ದು.

ಪ್ರೋಸೆಸ್‌ಕ್ಯಾಮೆರಾ

ಆ ತುಂಡು ಅಲ್ಲಿಗೆ ಹೇಗೆ ಬಂತು ಎಂದು ಊಹಿಸಿ. ವಿಲಿಯಂಸನ್ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ಬಿಡಿಸುತ್ತಿದ್ದವರು. ಮೊದಲ ಮುಖ ನಮ್ಮ ಕಡೆ ನೋಡಿದರೆ ಓದುಗನ ಕಣ್ಣು ಅಲ್ಲೇ ನಿಲ್ಲುತ್ತದೆ. ಬಾಗಿಲ ಕಡೆ ತಿರುಗಿಸಿದರೆ ಕಣ್ಣು ಬಾಗಿಲು ದಾಟಿ ನಾಳೆಯ ಸ್ಟ್ರಿಪ್ಪಿಗೆ ಹೋಗುತ್ತದೆ. ಶುಕ್ರವಾರದ ಕೊನೆಯ ಚೌಕ ಇದು. ಬಾಗಿಲಾಚೆ ಯಾರಿದ್ದಾರೆಂದು ತಿಳಿಯಲು ಓದುಗ ಶನಿವಾರ ಪತ್ರಿಕೆ ತೆರೆಯಬೇಕು. ಶಾಯಿ ಹಾಕಿ ಮುಗಿಸಿದ ಮೇಲೆ ಇದು ಹೊಳೆದು, ಒಂದು ತಲೆ ಮತ್ತೆ ಬಿಡಿಸಿ ಅಂಟಿಸಿದ್ದಾರೆ.

ಅದು ತಪ್ಪು ತಿದ್ದಿದ ಗುರುತಲ್ಲ, ನಿರ್ಧಾರದ ಗುರುತು. ತುಂಡನ್ನು ಎತ್ತಿದರೆ ಆ ನಿರ್ಧಾರವನ್ನೇ ಹಿಂದಕ್ಕೆ ತೆಗೆದುಕೊಂಡಂತೆ. ನಾನು ಹಿಂದೆ ಇಂಥ ನೂರಾರು ತುಂಡುಗಳನ್ನು ಕ್ಯಾಮೆರಾದ ಗಾಜಿನಡಿ ಒತ್ತಿದ್ದೇನೆ. ರಬ್ಬರ್ ಅಂಟು ಒಣಗಿ ಕಂದಾಗಿ ಹಿಡಿತ ಬಿಟ್ಟರೂ ಕೆಲವೆಡೆ ಕಚ್ಚಿಕೊಂಡೇ ಇರುತ್ತದೆ. ಹಿಡಿತ ಬಿಟ್ಟ ಕಡೆ ಎಳೆಯುತ್ತೀರಿ, ಕಚ್ಚಿದ ಕಡೆ ಹರಿಯುತ್ತದೆ.

ಮೂರನೇಚೌಕ

ಇದನ್ನು ಮೊದಲೇ ಹೀಗೆ ಹೇಳಿದ್ದರೆ ನಾನು ವಾದಿಸುತ್ತಿರಲಿಲ್ಲ. ಆದರೂ ಒಂದು ಕೇಳುತ್ತೇನೆ. ನಕಲಿ ಮಾಡುವವನೂ ಒಂದು ತುಂಡು ಅಂಟಿಸಿ, ನಾಲ್ಕು ಕಡೆ ಬಿಳಿ ಬಳಿದು, ಚಹಾದ ನೀರಿನಲ್ಲಿ ಕಲೆ ಮಾಡಿದರೆ ನೀವೆಲ್ಲ ಹೀಗೆಯೇ ಕೈಮುಗಿಯುತ್ತೀರಲ್ಲ?

ಶಾಯಿಬಟ್ಟಲು

ಒಳ್ಳೆಯ ಪ್ರಶ್ನೆ. ಅಚ್ಚಾದ ಸ್ಟ್ರಿಪ್ಪನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ತಿದ್ದಿ ತೆಗೆದ ನಕಲುಗಳು ಸಾಕಷ್ಟು ಓಡಾಡುತ್ತಿವೆ. ನಾನು ನೋಡುವುದು ಮುಖ್ಯವಾಗಿ ಎರಡನ್ನು. ಕುಂಚದ ಗೆರೆ ಒಂದೇ ಉಸಿರಿನಲ್ಲಿ ದಪ್ಪದಿಂದ ಸಪೂರಕ್ಕೆ ಹೋಗಿದೆಯೇ, ಅಥವಾ ಅಂಚು ಹುಡುಕುತ್ತ ನಿಧಾನವಾಗಿ ತೆವಳಿದೆಯೇ? ಎರಡನೆಯದು, ಶಾಯಿಯ ಅಡಿಯ ಪೆನ್ಸಿಲ್ ಶಾಯಿಯಿಂದ ಎಲ್ಲಾದರೂ ಬೇರೆಯಾಗಿದೆಯೇ? ಹುಡುಕಿ ಹುಡುಕಿ ಬಿಡಿಸಿದವನ ಪೆನ್ಸಿಲಿನಲ್ಲಿ ಕೈ ಎರಡು ಮೂರು ಕಡೆ ಇರುತ್ತದೆ. ಅಚ್ಚು ನೋಡಿ ನಕಲು ತೆಗೆದವನಿಗೆ ಹುಡುಕುವ ಅಗತ್ಯವೇ ಇಲ್ಲವಾದ್ದರಿಂದ ಅವನ ಪೆನ್ಸಿಲ್ ಶಾಯಿಯ ಅಡಿಯಲ್ಲೇ ಅಚ್ಚುಕಟ್ಟಾಗಿ ಅಡಗಿರುತ್ತದೆ. ಅಂಟಿಸಿದ ತುಂಡಿನ ಅಡಿಯಲ್ಲಿ ಅಚ್ಚಿನಲ್ಲಿ ಎಲ್ಲೂ ಇಲ್ಲದ ಮುಖವೊಂದನ್ನು ಬಿಡಿಸಿ, ಅದನ್ನು ಯಾರಿಗೂ ಕಾಣದಂತೆ ಮುಚ್ಚುವ ನಕಲಿಗಾರ ಇದ್ದರೆ ಅವನಿಗೆ ನಾನೇ ದುಡ್ಡು ಕೊಡುತ್ತೇನೆ.

ಕಡಲತಡಿ

ವಿಷಯ ಸ್ವಲ್ಪ ಪಕ್ಕಕ್ಕೆ ಹೋದರೂ ಕೇಳಿಬಿಡುತ್ತೇನೆ. ನಮ್ಮ ಇಂದ್ರಜಾಲದ ಫ್ಯಾಂಟಮ್ ಮೂಲಚಿತ್ರಗಳು ಮುಂಬೈಯಲ್ಲಿ ಎಲ್ಲಾದರೂ ಇರಬಹುದೇ? ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೆಯ ಸಂಚಿಕೆ ಹುಡುಕುವಾಗ ಒಬ್ಬರು ಇದೆ ಎಂದಿದ್ದರು.

ಪ್ರೋಸೆಸ್‌ಕ್ಯಾಮೆರಾ

ಒಳಪುಟಗಳ ಮೂಲ ಇಲ್ಲಿಗೆ ಬಂದೇ ಇಲ್ಲ. ಬಂದದ್ದು ಸಿಂಡಿಕೇಟಿನ ಪ್ರೂಫುಗಳು. ಅವನ್ನೇ ಕತ್ತರಿಸಿ ಜೋಡಿಸಿ ಪುಸ್ತಕದ ಅಳತೆಗೆ ತಂದರು, ಬೆಂಗಾಲಿ ಎಂಬ ಕಾಡಿನ ನಾಡು ಇಂದ್ರಜಾಲದಲ್ಲಿ ಡೆಂಕಾಲಿಯಾದದ್ದೂ ಅಲ್ಲಿಯೇ. ಆದರೆ ಮುಖಪುಟಗಳನ್ನು ಇಲ್ಲಿಯ ಕಲಾವಿದರೇ, ಮುಖ್ಯವಾಗಿ ಬಿ. ಗೋವಿಂದ್, ಬಣ್ಣದಲ್ಲಿ ಬಿಡಿಸುತ್ತಿದ್ದರು. ಅವುಗಳಲ್ಲಿ ಒಂದು ಎಲ್ಲಾದರೂ ಸಿಕ್ಕಿದರೆ ಅದು ನಿಜವಾಗಿ ನಮ್ಮ ನೆಲದ ಮೂಲಚಿತ್ರ. ನನಗೆ ತಿಳಿಸಿ, ಮೊದಲ ಬಸ್ಸಿಗೇ ಹೊರಡುತ್ತೇನೆ.

ಮೂರನೇಚೌಕ

ಮತ್ತೊಂದು ಚಿಕ್ಕ ಪ್ರಶ್ನೆ. ಹಳೇಕಾಗದ ಅವರು ತಮ್ಮ ಈ ಚಿತ್ರವನ್ನು ಅಚ್ಚು ಹಾಕಿಸಿ ಮಾರಬಹುದೇ?

ಭಾನುವಾರದಪುಟ

ಆಗುವುದಿಲ್ಲ. ಕಾಗದ ಅವರದ್ದು, ಹಕ್ಕು ಸಿಂಡಿಕೇಟಿನದ್ದು. ಅಮೆರಿಕದ 1976ರ ಕಾಪಿರೈಟ್ ಕಾಯಿದೆಯ 202ನೇ ಸೆಕ್ಷನ್ ವಸ್ತುವಿನ ಒಡೆತನವನ್ನೂ ಕೃತಿಯ ಹಕ್ಕನ್ನೂ ಬೇರೆ ಬೇರೆ ಎಂದೇ ಹೇಳುತ್ತದೆ. ಈ ಹಕ್ಕಿನ ಸಂಕಟದಿಂದಲೇ ಕ್ಯಾನಿಫ್ 1946ರಲ್ಲಿ, ಜನಪ್ರಿಯತೆಯ ತುದಿಯಲ್ಲಿದ್ದ ಟೆರಿಯನ್ನು ಬಿಟ್ಟು ಹೊರಬಂದು, ತಮ್ಮದೇ ಒಡೆತನದ ಸ್ಟೀವ್ ಕ್ಯಾನಿಯನ್ ಶುರು ಮಾಡಿದರು.

ಹಳೇಕಾಗದ

ಎಲ್ಲರಿಗೂ ವರದಿ ಒಪ್ಪಿಸುತ್ತಿದ್ದೇನೆ. ಗುರುವಾರ ಅರ್ಧ ದಿನ ರಜೆ ಹಾಕಿ ಗ್ರಂಥಾಲಯಕ್ಕೆ ಹೋಗಿದ್ದೆ. ಚೀಲ, ಪೆನ್ನು ಎಲ್ಲ ಹೊರಗಿಟ್ಟು ಪೆನ್ಸಿಲ್ ಮಾತ್ರ ಹಿಡಿದು ಒಳಗೆ ಕೂತೆ. ಮೊದಲು 1976ರದ್ದನ್ನು ತೆರೆದೆ, ಅಲ್ಲಿ ಬೇರೆಯೇ ಕಥೆ ನಡೆಯುತ್ತಿತ್ತು. 1971ರ ಜೂನ್ 11, ಶುಕ್ರವಾರ, ಅಲ್ಲಿತ್ತು ನನ್ನ ಸ್ಟ್ರಿಪ್ಪು. ಮೇಷ್ಟ್ರಿಗೆ ಮೈಸೂರಿಗೆ ಬಂದಾಗ ಒಂದು ಮಸಾಲೆ ದೋಸೆ ನನ್ನ ಲೆಕ್ಕದಲ್ಲಿ.

ಅಚ್ಚಿನಲ್ಲಿ ಅದು ನನ್ನ ಅಂಗೈಗಿಂತ ಸ್ವಲ್ಪ ಉದ್ದ ಅಷ್ಟೇ. ಚುಕ್ಕಿಹಾಳೆಯ ನೆರಳು ಕೆಲವೆಡೆ ಸೇರಿಕೊಂಡು ಬರೀ ಕಪ್ಪಾಗಿದೆ. ಬಾಗಿಲ ಕಡೆ ತಿರುಗಿದ ತಲೆಯಲ್ಲಿ ಕಿವಿ ಯಾವುದು ಕೂದಲು ಯಾವುದು ತಿಳಿಯುವುದಿಲ್ಲ. ಮನೆಯಲ್ಲಿರುವ ಬೋರ್ಡಿನಲ್ಲಿ ಆ ಕಿವಿಯ ಹಿಂದೆ ಏಳು ಸಣ್ಣ ಗೆರೆಗಳಿವೆ, ನಾನು ಎಣಿಸಿದ್ದೇನೆ. ಅಚ್ಚಿನಲ್ಲಿ ಅವುಗಳಲ್ಲಿ ಒಂದೂ ಉಳಿದಿಲ್ಲ.

ಕಾಗದ ಸಂರಕ್ಷಣೆಯ ತರಬೇತಿ ಪಡೆದ ಒಬ್ಬರನ್ನೂ ಇಲ್ಲಿ ಭೇಟಿ ಮಾಡಿದೆ. ತುಂಡನ್ನು ಅವರೂ ಎತ್ತಲು ಒಪ್ಪಲಿಲ್ಲ. ಸಡಿಲವಾದ ಅಂಚಿನ ಅಡಿಯಲ್ಲಿ ಗೋಧಿ ಪಿಷ್ಟದ ತೆಳು ಅಂಟನ್ನು ಕೂದಲೆಳೆಯಷ್ಟು ಇಟ್ಟು ಕೂರಿಸುತ್ತಾರಂತೆ, ಬೇಕೆಂದಾಗ ನೀರಿನಿಂದ ಬಿಡಿಸಬಹುದಾದ ಅಂಟು ಅದು. ಚುಕ್ಕಿಹಾಳೆಯನ್ನು ಎದ್ದಂತೆಯೇ ಬಿಟ್ಟು ಆಳವಾದ ಮೌಂಟ್ ಹಾಕುತ್ತಾರೆ. ಕಂದು ಕಲೆಯನ್ನು ಮುಟ್ಟುವುದಿಲ್ಲ, ವರ್ಷವನ್ನು ಹಿಂಬದಿಯ ಕಾಗದದ ಮೇಲೆ ಬರೆದಿಡಲು ಹೇಳಿದರು. ಅವರ ಶುಲ್ಕ ಕೇಳಿ ಕಡಲತಡಿ ಅವರ ಮೂಗುತಿ ನೆನಪಾಯಿತು.

ಮೂರನೇಚೌಕ

ಹಿಂದಿನಿಂದ ಬೆಳಕು ಬಿಟ್ಟು ತೆಗೆದ ಆ ಅಡಿಯ ಮುಖದ ಫೋಟೋವನ್ನಾದರೂ ಹಾಕಿ ಸ್ವಾಮಿ. ಇಷ್ಟು ಹೊತ್ತು ಸೋತವನಿಗೆ ಅಷ್ಟಾದರೂ ಸಮಾಧಾನ ಬೇಡವೇ?

ಹಳೇಕಾಗದ

ಫ್ರೇಮು ಹಾಕುವ ಮೊದಲು ತೆಗೆದು ಹಾಕುತ್ತೇನೆ. ಅಂದ ಹಾಗೆ, 1971ರ ಜೂನ್ 12, ಶನಿವಾರದ ಸ್ಟ್ರಿಪ್ಪನ್ನೂ ಅಲ್ಲೇ ಓದಿಬಂದೆ. ಬಾಗಿಲಾಚೆ ಯಾರಿದ್ದರು ಎಂದು ಹೇಳಲೇ?

ಪ್ರೋಸೆಸ್‌ಕ್ಯಾಮೆರಾ

ಬೇಡ. ಆ ಶನಿವಾರದ ಮೂಲಚಿತ್ರ ಯಾರ ಬಳಿ ಇದೆ ಎಂದು ಮೊದಲು ಹುಡುಕೋಣ.